ಇಲ್ಯೂಷನ್ ಸ್ಪೆಲ್ ಹಾಕಿದ ಕೂಡಲೇ ಶತ್ರುಗಳಿಗೆ ಗೊತ್ತಾಗಿಬಿಡುತ್ತದೆ, ಏನು ಮಾಡಲಿ?

ಪ್ರಶ್ನೆ

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ವಹಿಸಿ, ಡೈಸ್ ಉರುಳಿಸಿ ಆಡುವ ಕಥೆಯಾಟ) ಐದನೇ ಆವೃತ್ತಿ, 2014ರ ನಿಯಮ. ನನ್ನದು 3ನೇ ಲೆವೆಲ್ ವಿಝರ್ಡ್ (ಮಂತ್ರವಾದಿ), ಇಲ್ಯೂಷನ್ ಸ್ಕೂಲ್, ಅಂದರೆ ಕಣ್ಕಟ್ಟಿನ ವಿದ್ಯೆ. ಇಂಟೆಲಿಜೆನ್ಸ್ 16, ಸ್ಪೆಲ್ ಸೇವ್ ಡಿಸಿ (ನನ್ನ ಸ್ಪೆಲ್ ಮೀರಲು ಶತ್ರು ಮುಟ್ಟಬೇಕಾದ ಅಂಕ) 13. ತೊಂದರೆ ಏನಂದ್ರೆ, ನನ್ನ ಕಣ್ಕಟ್ಟು ಒಂದು ರೌಂಡ್ (ಎಲ್ಲರಿಗೂ ಒಂದೊಂದು ಸರದಿ) ಕೂಡ ನಿಲ್ಲುವುದಿಲ್ಲ. ಹೋದ ಸಲ ನಾಲ್ಕು ಗಾಬ್ಲಿನ್‌ಗಳು (ಕುಳ್ಳ ರಾಕ್ಷಸರು) ಸುರಂಗದಲ್ಲಿ ನಮ್ಮತ್ತ ಓಡಿ ಬರುತ್ತಿದ್ದವು. ಸೈಲೆಂಟ್ ಇಮೇಜ್ (ಸದ್ದಿಲ್ಲದ ಚಿತ್ರ ತೋರಿಸುವ ಸ್ಪೆಲ್) ಹಾಕಿ ಅಡ್ಡಲಾಗಿ ಕಲ್ಲಿನ ಗೋಡೆ ಎಬ್ಬಿಸಿದೆ. ಡಿಎಂ (ಆಟ ನಡೆಸುವವನು) ನಾಲ್ಕಕ್ಕೂ ಆಗಲೇ ಡೈಸ್ ಉರುಳಿಸಿದ. ಎರಡಕ್ಕೆ ಗೊತ್ತಾಯಿತು, ಅವು ಕೂಗಿ ಉಳಿದ ಎರಡಕ್ಕೆ ಹೇಳಿದವು. ಒಂದು ಸ್ಲಾಟ್ (ಸ್ಪೆಲ್ ಹಾಕಲು ಇರುವ ಸೀಮಿತ ಅವಕಾಶ) ದಂಡ! ಸುಮ್ನೆ ಮ್ಯಾಜಿಕ್ ಮಿಸೈಲ್ ಹೊಡೆದಿದ್ದರೆ ಒಂದಾದರೂ ಬೀಳುತ್ತಿತ್ತು. ಬೇರೆ ಸ್ಕೂಲ್‌ನ ಪಾತ್ರ ಮಾಡಿಕೊಳ್ಳುವುದೇ ವಾಸಿಯಾ?

ಉತ್ತರ

ಪಾತ್ರ ಬದಲಿಸಬೇಡಿ. ಮೊದಲು ನಿಯಮ ನೋಡೋಣ. ಸೈಲೆಂಟ್ ಇಮೇಜ್, ಮೈನರ್ ಇಲ್ಯೂಷನ್ (ಸಣ್ಣ ಕಣ್ಕಟ್ಟಿನ ಸ್ಪೆಲ್) ಎರಡರಲ್ಲೂ ಕಂಡ ಮಾತ್ರಕ್ಕೆ ಯಾರಿಗೂ ಪುಕ್ಕಟೆ ಡೈಸ್ ಇಲ್ಲ. ಪರೀಕ್ಷಿಸಬೇಕಾದರೆ ಗಾಬ್ಲಿನ್ ತನ್ನ ಆಕ್ಷನ್ (ಸರದಿಯ ಮುಖ್ಯ ಕೆಲಸ) ಖರ್ಚು ಮಾಡಬೇಕು. ಆಮೇಲೆ ನಿಮ್ಮ ಡಿಸಿ ಎದುರು ಇನ್ವೆಸ್ಟಿಗೇಷನ್ ಚೆಕ್ (ಪತ್ತೆ ಹಚ್ಚಲು ಡೈಸ್ ಉರುಳಿಸುವುದು). ಅದರ ಇಂಟೆಲಿಜೆನ್ಸ್ 10, ಅಂದರೆ ಬೋನಸ್ ಏನೂ ಇಲ್ಲ. 20 ಮುಖದ ಡೈಸ್‌ನಲ್ಲಿ 13 ಅಥವಾ ಜಾಸ್ತಿ ಬೀಳಬೇಕು, ಶೇ. 40 ಸಾಧ್ಯತೆ. ಗೆಲ್ಲಲಿ, ಸೋಲಲಿ, ಗೋಡೆ ನೋಡುತ್ತಾ ನಿಂತ ಗಾಬ್ಲಿನ್ ಆ ರೌಂಡ್‌ನಲ್ಲಿ ಬಾಣ ಬಿಡುವುದಿಲ್ಲ. ನಿಮ್ಮ ಸ್ಲಾಟ್‌ಗೆ ಸಿಕ್ಕ ಬೆಲೆ ಅದೇ.

ಆದರೆ ಮುಟ್ಟಿದರೆ ಕಥೆ ಬೇರೆ. ಕೈಯೋ ಕಲ್ಲೋ ಗೋಡೆಯೊಳಗೆ ತೂರಿದರೆ ಗುಟ್ಟು ರಟ್ಟು, ಡೈಸ್ ಬೇಕಿಲ್ಲ. ಹಾಗಾಗಿ ನಿಮ್ಮ ಗೋಡೆ ಹೇಗೂ ಜಾಸ್ತಿ ಹೊತ್ತು ಬಾಳುತ್ತಿರಲಿಲ್ಲ. ಸೈಲೆಂಟ್ ಇಮೇಜ್‌ಗೆ ಮಂತ್ರ ಬಾಯಿಬಿಟ್ಟು ಹೇಳಬೇಕು. ನೀವು ಏನೋ ಗೊಣಗಿದಿರಿ, ಕೈ ಆಡಿಸಿದಿರಿ, ಖಾಲಿ ಜಾಗದಲ್ಲಿ ಸದ್ದಿಲ್ಲದೆ ಗೋಡೆ ಎದ್ದಿತು. ನಾನು ಗಾಬ್ಲಿನ್ ಆಗಿದ್ದರೂ ಒಂದು ಕಲ್ಲು ಎಸೆದು ನೋಡುತ್ತಿದ್ದೆ.

ಮುಟ್ಟಲು ಮನಸ್ಸೇ ಬಾರದಂಥದ್ದನ್ನು ತೋರಿಸಿ. ಕತ್ತಲಲ್ಲಿ ಹಗ್ಗ ಕಂಡು ಹಾವೆಂದು ಬೆಚ್ಚಿದವನು ಅದನ್ನು ಕೈಯಲ್ಲಿ ಹಿಡಿದು ನೋಡುತ್ತಾನಾ? ಅದೇ ಸುರಂಗದಲ್ಲಿ ನೆಲವೇ ಕುಸಿದಂತೆ 15 ಅಡಿ ಅಗಲದ ಗುಂಡಿ ತೋರಿಸಿದ್ದರೆ, ಓಡಿ ಬರುವವನು ಮೊದಲು ಬ್ರೇಕ್ ಹಾಕುತ್ತಾನೆ. ದಟ್ಟ ಹೊಗೆ ಇನ್ನೂ ಚೆನ್ನ. ಬಾಣ ತೂರಿ ಹೋದರೂ ಹೊಗೆಯಲ್ಲಿ ಅದು ವಿಚಿತ್ರವಲ್ಲ, ಅಲ್ವಾ? ಬೆಂಕಿ ಮಾತ್ರ ಬೇಡ, ಹತ್ತಿರ ಬಂದವನಿಗೆ ಬಿಸಿ ತಾಗುವುದಿಲ್ಲ.

ಎಲ್ಲಕ್ಕಿಂತ ಒಳ್ಳೆಯದು, ಅವು ಬರುವ ಮೊದಲೇ ಹಾಕುವುದು. ಸುರಂಗದ ಪಕ್ಕದ ಗೂಡಿಗೆ ಬಂಡೆಯ ಮುಖ ಹೊದಿಸಿ ಹಿಂದೆ ಕೂತರೆ, ಮೊದಲಿಂದಲೂ ಇದ್ದ ಬಂಡೆಯನ್ನು ಯಾರೂ ತಡವಿ ನೋಡುವುದಿಲ್ಲ. ಕಾನ್ಸಂಟ್ರೇಷನ್ (ಸ್ಪೆಲ್ ಮೇಲಿಟ್ಟ ಗಮನ) ಹೋಗದಿದ್ದರೆ 10 ನಿಮಿಷ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಡಿಎಂಗೆ ಇದನ್ನು ತೋರಿಸಿದೆ. ಆಕ್ಷನ್ ವಿಷಯ ಒಪ್ಪಿದ. ಆದರೆ "ಪ್ರತಿ ಸಲವೂ ನನ್ನ ರಾಕ್ಷಸರು ಪೆದ್ದರಾಗಬೇಕಾ?" ಅಂತಾನೆ. ಇನ್ನೊಂದು: ಮೈನರ್ ಇಲ್ಯೂಷನ್‌ನಲ್ಲಿ ಪೆಟ್ಟಿಗೆ ಮಾಡಿ, ಒಳಗೆ ಕೂತು ಬಾಣ ಬಿಟ್ಟರೆ ಅಡ್ವಾಂಟೇಜ್ (ಎರಡು ಸಲ ಡೈಸ್ ಉರುಳಿಸಿ ಹೆಚ್ಚಿನದನ್ನು ಎಣಿಸುವುದು) ಸಿಗುತ್ತಾ?

ಇನ್ನೊಂದು ಉತ್ತರ

ನಾನು ಜಾಸ್ತಿ ಆಡುವುದು ಪರದೆಯ ಆ ಕಡೆ, ಡಿಎಂ ಆಗಿ. ನಿಮ್ಮ ಡಿಎಂ ಸಂಕಟ ಅರ್ಥವಾಗುತ್ತದೆ. ನಾನು ಆಟಗಾರರನ್ನು ಮೊದಲು ಕೇಳುವುದು "ಅವು ಏನು ನಂಬಬೇಕು ಅಂತ ನಿಮ್ಮ ಆಸೆ?" ಅಂತ. ಉತ್ತರ ಸಿಕ್ಕ ಮೇಲೆ, ಅದನ್ನು ನಂಬಿದ ಪ್ರಾಣಿ ತನ್ನ ಸ್ವಭಾವದಂತೆ ಏನು ಮಾಡುತ್ತದೆ ಅಂತ ಯೋಚಿಸುತ್ತೇನೆ. ನಂಬಿದ ಮಾತ್ರಕ್ಕೆ ಅದು ನಿಮಗೆ ಬೇಕಾದ ಹಾಗೇ ನಡೆಯಬೇಕು ಅಂತಿಲ್ಲ.

ಓಗರ್ (ದೈತ್ಯ ರಾಕ್ಷಸ) ನೋಡಿ. ಇಂಟೆಲಿಜೆನ್ಸ್ 5, ಚೆಕ್‌ಗೆ ಮೈನಸ್ 3. ನಿಮ್ಮ ಡಿಸಿಗೆ 16 ಬೀಳಬೇಕು, ಶೇ. 25 ಅಷ್ಟೇ. ಸುಲಭದ ಬೇಟೆ ಅನ್ನಿಸುತ್ತದೆ. ಆದರೆ ಓಗರ್ ಪರೀಕ್ಷೆ ಗಿರೀಕ್ಷೆ ಮಾಡುವುದಿಲ್ಲ, ಅಡ್ಡ ಬಂದದ್ದಕ್ಕೆ ದೊಣ್ಣೆ ಬೀಸುತ್ತದೆ. ದೊಣ್ಣೆ ಆರಪಾರ ಹೋಯಿತು ಅಂದರೆ ಮುಗಿಯಿತು. ಹುಷಾರಿ ಶತ್ರುವೇ ಗುಂಡಿಯ ಮುಂದೆ ನಿಂತು ಲೆಕ್ಕ ಹಾಕುತ್ತಾನೆ. ತೋಳಕ್ಕೆ ಮೂಗು ಚುರುಕು, ಬರೀ ಚಿತ್ರದ ಮಾಂಸಕ್ಕೆ ವಾಸನೆಯೇ ಇರುವುದಿಲ್ಲ. ಟ್ರೂಸೈಟ್ (ಕಣ್ಕಟ್ಟನ್ನು ಭೇದಿಸುವ ದೃಷ್ಟಿ) ಇರುವವರ ಮುಂದೆ ಪ್ರಯತ್ನಿಸಲೇ ಬೇಡಿ.

ಪೆಟ್ಟಿಗೆ ವಿಷಯ. 5 ಅಡಿ ಘನದೊಳಗಿನ ವಸ್ತು ಮಾತ್ರ ಆಗುತ್ತದೆ, ಹೊಗೆಯಾಗಲೀ ಜೀವಿಯಾಗಲೀ ಅಲ್ಲ. ಸುಳ್ಳೆಂದು ನಿಮಗೆ ಗೊತ್ತಿರುವುದರಿಂದ ಅದು ನಿಮಗೆ ಮಸುಕಾಗಿ ಕಾಣುತ್ತದೆ, ಹೊರಗಿನದೆಲ್ಲ ಗೋಚರ. ಮೊದಲ ಬಾಣಕ್ಕೆ ನಾನು ಅಡ್ವಾಂಟೇಜ್ ಕೊಡುತ್ತೇನೆ. ಮರದ ಹಲಗೆಯಿಂದ ಬಾಣ ತೂರಿ ಬಂದದ್ದನ್ನು ಕಂಡವರಿಗೆ ಆಮೇಲೆ ಅನುಮಾನ ಉಳಿಯುವುದಿಲ್ಲ. ಎರಡನೇ ಬಾಣಕ್ಕೆ ಕೊಡುವುದಿಲ್ಲ. ಬೇರೆ ಡಿಎಂಗಳು ಬೇರೆ ಹೇಳಬಹುದು, ಮೊದಲೇ ಕೇಳಿಕೊಳ್ಳಿ.

ಅಂದ ಹಾಗೆ, ನಿಮ್ಮ ಸ್ಕೂಲ್‌ನವರಿಗೆ 2ನೇ ಲೆವೆಲ್‌ನಿಂದಲೇ ಮೈನರ್ ಇಲ್ಯೂಷನ್‌ನಲ್ಲಿ ಚಿತ್ರ, ಸದ್ದು ಎರಡೂ ಒಟ್ಟಿಗೆ ಬರುತ್ತದೆ. ಬಾಗಿಲ ಪಕ್ಕ ಪೆಟ್ಟಿಗೆ, ಅದರೊಳಗಿಂದ ಏನೋ ಕೆರೆಯುವ ಸದ್ದು. ಸ್ಲಾಟ್ ಖರ್ಚಿಲ್ಲ, ಕಾನ್ಸಂಟ್ರೇಷನ್ ಇಲ್ಲ, ಮಂತ್ರ ಹೇಳುವುದೂ ಬೇಡ. ಓಗರ್ ಥರದವಕ್ಕೆ ಫ್ಯಾಂಟಾಸ್ಮಲ್ ಫೋರ್ಸ್ (ಮನಸ್ಸಿನೊಳಗೇ ಭ್ರಮೆ ಹುಟ್ಟಿಸುವ ಸ್ಪೆಲ್) ಇಟ್ಟುಕೊಳ್ಳಿ. ಸೇವ್‌ನಲ್ಲಿ (ಸ್ಪೆಲ್ ತಡೆಯಲು ಉರುಳಿಸುವ ಡೈಸ್) ಸೋತರೆ, ಮುಟ್ಟಿದಾಗ ಕೈ ತೂರಿ ಹೋದರೂ ಅದು ತಾನೇ ಏನೋ ಕಾರಣ ಕಟ್ಟಿಕೊಂಡು ನಂಬುತ್ತದೆ. ಒಬ್ಬರ ಮೇಲೆ ಮಾತ್ರ. ಎದ್ದು ನಡೆಯುವ ಅಸ್ಥಿಪಂಜರ, ಶವಗಳಿಗೆ ತಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಪೆಟ್ಟಿಗೆ ಉಪಾಯ ಡಿಎಂಗೂ ಇಷ್ಟವಾಯಿತು. ಮುಂದಿನ ಆಟಕ್ಕೆ ಗುಂಡಿ ಮಾಡುತ್ತೇನೆ. ನಮ್ಮ ಫೈಟರ್ ಅದರ ಮೇಲೆ ನಡೆದು ಹೋಗಬೇಕು. ಸುಳ್ಳು ಗುಂಡಿ ಅಂತ ಬಾಯಲ್ಲಿ ಹೇಳಿದರೆ ಸಾಕಾ?

ಉತ್ತರ

ಹೇಳಿದರೆ ಸಾಕು ಅಂತ ಸ್ಪೆಲ್‌ನಲ್ಲಿ ಬರೆದಿಲ್ಲ. ಆದರೆ ಮುಟ್ಟಿದರೆ ಗೊತ್ತಾಗುತ್ತದೆ ಅಂತ ಬರೆದಿದೆ. ಗಾಬ್ಲಿನ್‌ಗಳು ತಿರುವು ದಾಟುವ ಮೊದಲೇ ಗುಂಡಿ ಹಾಕಿ, ಫೈಟರ್‌ಗೆ ಅದರ ಮೇಲೊಮ್ಮೆ ಕಾಲಿಡಲು ಹೇಳಿ.