ಓದುಗರ ಸ್ಪಂದನ: ‘ನನ್ನ ಅವಸರ ಸ್ವಭಾವವೋ, ಪಾಪವೋ?’

ಕಳೆದ ಸಂಚಿಕೆಯಲ್ಲಿ ಮುಂಬೈಯ ಕಾಂದಿವಲಿಯ ಓದುಗರೊಬ್ಬರ ಪತ್ರ ಪ್ರಕಟಿಸಿದ್ದೆವು. ನೆನಪಿಗಾಗಿ ಅದರ ಮುಖ್ಯ ಭಾಗ ಇಲ್ಲಿದೆ:

“ನನಗೆ 39 ವರ್ಷ. ಊರು ಉಡುಪಿ ಕಡೆ, ಬೆಳೆದದ್ದು ಇಲ್ಲೇ. 4 ವರ್ಷದಿಂದ ಒಂದೇ ವಿಷಯಕ್ಕೆ ಪ್ರಾರ್ಥನೆ ಮಾಡುತ್ತಿದ್ದೇನೆ. ಉತ್ತರ ಇಲ್ಲ. ನಮ್ಮ ಕನ್ನಡ ಚರ್ಚ್ ಸಭೆ ಬಿಟ್ಟು 2 ವರ್ಷದಲ್ಲಿ 3 ಕಡೆ ಹೋಗಿ ಬಂದೆ. ಈಗ ಒಂದು ಹಾಲ್‌ನಲ್ಲಿ 21 ದಿನ ಉಪವಾಸ ಪ್ರಾರ್ಥನೆ ಮಾಡಿದರೆ ಉತ್ತರ ಖಂಡಿತ ಅನ್ನುತ್ತಾರೆ. ಅಲ್ಲಿಗೆ ಹೋಗಲಾ ಅಂತ ಯೋಚನೆ. ಆಫೀಸು, ಟ್ರೇನು, ಮನೆ, ಎಲ್ಲಾ ಕಡೆ ಸಿಡುಕು. ಅಮ್ಮ ಕೇಳಿದ್ದನ್ನೇ ಕೇಳಿದರೆ ರೇಗುತ್ತೇನೆ. ಬೈಬಲ್ ಹಿಡಿದು 5 ನಿಮಿಷ ಕೂರಲು ಆಗುವುದಿಲ್ಲ. ಇದು ಸ್ವಭಾವವೋ, ಪಾಪವೋ? ಆತ್ಮಕ್ಕೆ ಅಪಾಯವಾ?”

ಯಾವುದಕ್ಕಾಗಿ ಪ್ರಾರ್ಥನೆ ಎಂದು ಅವರು ಬರೆದಿರಲಿಲ್ಲ. ನಾವೂ ಕೇಳಲಿಲ್ಲ. ಉತ್ತರ ಬರೆದವರಲ್ಲಿ ಕೆಲವರು ಅದು ಕೆಲಸ ಎಂದುಕೊಂಡಿದ್ದಾರೆ, ಕೆಲವರು ಮದುವೆ, ಇನ್ನು ಕೆಲವರು ಮಗು. ಪತ್ರಗಳನ್ನು ಊರಿನ ಹೆಸರಷ್ಟೇ ಹಾಕಿ ಕೊಡುತ್ತಿದ್ದೇವೆ.

ಚೆಂಬೂರಿನಿಂದ

ಈ 4 ವರ್ಷದಲ್ಲಿ ಒಂದು ಸಲವಾದರೂ ದೇವರಿಗೆ ‘ನೀನು ಕೊಡದಿದ್ದರೂ ಸರಿ’ ಅಂದಿದ್ದೀರಾ? ಅಂದಿಲ್ಲವಾದರೆ ನೀವು ಮಾಡಿದ್ದು ಪ್ರಾರ್ಥನೆಯಲ್ಲ, ತಗಾದೆ. ಮೊದಲು ಅದನ್ನು ನಿಲ್ಲಿಸಿ.

*ಮಾತು ಖಾರವಾಗಿದೆ. ಇದರ ಒಳಗಿನ ನೋವು ಏನೆಂದು ಗೊತ್ತಿರುವವರೊಬ್ಬರು ಮಾಹಿಮ್‌ನಿಂದ ದೊಡ್ಡ ಪತ್ರ ಬರೆದಿದ್ದಾರೆ. ಮಗಳಿಗೆ ಓದಿ ಹೇಳಿ, ಅವಳು ಒಪ್ಪಿದ ಮೇಲೇ ಕಳಿಸಿದ್ದಾರೆ. ಕತ್ತರಿಸದೆ ಕೊಟ್ಟಿದ್ದೇವೆ.*

ಮಾಹಿಮ್‌ನಿಂದ

ನಿಮ್ಮ ಪತ್ರ ಓದಿ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ವಭಾವವೋ ಪಾಪವೋ ಅಂತ ಕೇಳಿದ್ದೀರಿ. ನನ್ನದು ಏನಾಯಿತು ಅಂತ ಹೇಳುತ್ತೇನೆ, ನೀವೇ ನೋಡಿ.

ನಾವು ಮಂಗಳೂರು ಕಡೆಯ ಕಥೋಲಿಕರು. ಮನೆಯಲ್ಲಿ ಕೊಂಕಣಿ, ನಾನು ಓದಿದ್ದು ಕನ್ನಡ. ಮಗಳಿಗೆ ಆಗ 29. ಸಂಬಂಧ ಬರುತ್ತಿತ್ತು, ಹೋಗುತ್ತಿತ್ತು. ಊರಿಗೆ ಹೋದರೆ ಎಲ್ಲರದ್ದೂ ಒಂದೇ ಪ್ರಶ್ನೆ. ಇಲ್ಲಿ ಸೇಂಟ್ ಮೈಕಲ್ ಚರ್ಚಿನ ಬುಧವಾರದ ನೊವೆನಾ ಪ್ರಾರ್ಥನೆ ಗೊತ್ತಲ್ವಾ? 1948ರಲ್ಲಿ ಶುರುವಾದದ್ದು. ಬೆಳಗ್ಗೆಯಿಂದ ರಾತ್ರಿ ತನಕ ಜನ. ಕ್ರೈಸ್ತರಲ್ಲದವರೂ ಎಷ್ಟೋ ಮಂದಿ ಬಂದು ಮೇಣದ ಬತ್ತಿ ಹಚ್ಚುತ್ತಾರೆ. 9 ಬುಧವಾರ ತಪ್ಪದೆ ಬರುತ್ತೇನೆ ಅಂತ ಹರಕೆ ಹೊತ್ತೆ.

5ನೇ ಬುಧವಾರ ಆದ ಮೇಲೆ ಒಂದು ಸಂಬಂಧ ಬಂತು. ಹುಡುಗನಿಗೆ ಗಲ್ಫ್‌ನಲ್ಲಿ ಕೆಲಸ, ರಜೆ 45 ದಿನ ಮಾತ್ರ. ಮಗಳು ಎರಡು ಸಲ ಮಾತಾಡಿ ಬಂದಳು. “ಮಮ್ಮಿ, ಇನ್ನೂ ಸ್ವಲ್ಪ ದಿನ ನೋಡೋಣ. ಅಲ್ಲಿಯ ವಿಷಯ ಕೇಳಿದರೆ ಅವರು ಮಾತು ಬದಲಿಸುತ್ತಾರೆ” ಅಂದಳು. ನನಗೆ ಎಲ್ಲಿಂದ ಬಂತೋ ಸಿಟ್ಟು. “ದೇವರು ಬಾಗಿಲು ತೆಗೆದಿದ್ದಾರೆ, ನೀನು ಮುಚ್ಚಬೇಡ” ಅಂದೆ. ದೇವರು ತೆಗೆದರು ಅಂತ ನನಗೆ ಯಾರು ಹೇಳಿದ್ದು? ಮಗಳ ಬಾಯಿ ಮುಚ್ಚಿಸಲು ದೇವರ ಹೆಸರು ಹಿಡಿದೆ. ಇವತ್ತಿಗೂ ಆ ಮಾತು ನನ್ನನ್ನು ಸುಡುತ್ತದೆ.

ಮದುವೆಗೆ ಮೊದಲು ಚರ್ಚಿನಲ್ಲಿ 3 ಭಾನುವಾರ ಹೆಸರು ಓದುತ್ತಾರೆ. ಯಾರಿಗಾದರೂ ಏನಾದರೂ ಗೊತ್ತಿದ್ದರೆ ಬಂದು ಹೇಳಲಿ ಅಂತಲೇ ಆ ಕ್ರಮ ಇರುವುದು. ಅಷ್ಟು ಕಾಯಲೂ ನನಗೆ ಆಗಲಿಲ್ಲ. ಒಂದೇ ಸಲ ಓದಿ ಮುಗಿಸಿಕೊಡಿ ಅಂತ ಫಾದರ್ ಹತ್ತಿರ ಬೇಡಿಕೊಂಡೆ. ಅವರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ನನ್ನ ಮುಖ ನೋಡಿದರು. “ಇಷ್ಟು ಅವಸರ ಯಾಕಮ್ಮಾ?” ಅಂದರು. ರಜೆ ಮುಗಿಯುತ್ತದೆ ಅಂದೆ. ಅಪ್ಪಣೆ ಸಿಕ್ಕಿತು. ಮದುವೆ ತಯಾರಿಯ ಕೋರ್ಸ್, ಕಾಗದಪತ್ರ ಎಲ್ಲದಕ್ಕೂ ಓಡಾಡಿ ಮುಗಿಸಿದೆ.

6ನೇ ಬುಧವಾರ ಸೀರೆ ತೆಗೆಯಲು ದಾದರ್‌ಗೆ ಹೋಗಿದ್ದೆ. 7ನೇದು ಹಾಲ್ ಹುಡುಕುವುದರಲ್ಲಿ ಹೋಯಿತು. 8ನೇ ಬುಧವಾರ ಮನೆಯಲ್ಲಿ ರೋಸ್, ಮದುವೆಗೆ ಮುಂಚಿನ ಶಾಸ್ತ್ರ. ಮಗಳನ್ನು ಕೂರಿಸಿ ತಲೆಗೆ ತೆಂಗಿನ ಹಾಲು ಹಚ್ಚುತ್ತಿದ್ದೆವು. ಎಲ್ಲರೂ ಹಾಡುತ್ತಿದ್ದರು. ಅವಳು ಮುಖ ಒರೆಸಿಕೊಂಡು “ಹಾಲು ಕಣ್ಣಿಗೆ ಹೋಯಿತು” ಅಂದಳು. ನಾನು ನಂಬಿದೆ.

14 ತಿಂಗಳಿಗೆ ಒಂದು ಸೂಟ್‌ಕೇಸ್ ಹಿಡಿದು ವಾಪಸ್ ಬಂದಳು. ಅವನಿಗೆ ಅಲ್ಲಿ ಮೊದಲೇ ಒಂದು ಸಂಸಾರ ಇತ್ತು. ಹುಡುಗನ ಊರಿನ ಒಬ್ಬರು ಆಮೇಲೆ ಹೇಳಿದರು: “ಮೂರು ವಾರ ಹೆಸರು ಓದಿದ್ದರೆ ನಮ್ಮ ಕಿವಿಗೆ ಬೀಳುತ್ತಿತ್ತು.”

ಎಷ್ಟೋ ಸಮಯ ನಾನು ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಉಳಿದ 4 ಬುಧವಾರಕ್ಕೆ ದೇವರು ಶಿಕ್ಷೆ ಕೊಟ್ಟರು ಅಂದುಕೊಂಡಿದ್ದೆ. ಕೊನೆಗೆ ಪಾಪನಿವೇದನೆಗೆ ಹೋದಾಗ ಒಬ್ಬ ಫಾದರ್ ಹೇಳಿದರು: “ದೇವರು ಬುಧವಾರ ಎಣಿಸುವವರಲ್ಲ. ನಿಮ್ಮ ಮಗಳ ಬಾಯಿಂದ ಅವರು ಮಾತಾಡಿದ್ದರು. ನಿಮಗೆ ಕೇಳಿಸಿಕೊಳ್ಳಲು ಪುರುಸೊತ್ತು ಇರಲಿಲ್ಲ.”

ಬೈಬಲಿನಲ್ಲಿ ಸೌಲ ರಾಜನ ಕಥೆ ಓದಿ, 1 ಸಮುವೇಲ 13. ಬಲಿ ಅರ್ಪಿಸಬೇಕಿದ್ದ ಪ್ರವಾದಿ ಸಮುವೇಲನಿಗಾಗಿ ಗಿಲ್ಗಾಲಿನಲ್ಲಿ 7 ದಿನ ಕಾದ. ಎದುರಿಗೆ ಶತ್ರು, ಇತ್ತ ತನ್ನ ಜನ ಚದುರುತ್ತಿದ್ದಾರೆ. ಇನ್ನು ಆಗದು ಅಂತ ತಾನೇ ಬಲಿ ಅರ್ಪಿಸಿದ. ಅದು ಮುಗಿಯುತ್ತಿದ್ದಂತೆ ಸಮುವೇಲ ಬಂದ. ಎಷ್ಟು ಸ್ವಲ್ಪದರಲ್ಲಿ ತಪ್ಪಿತು ನೋಡಿ. ಸೌಲ ಮಾಡಿದ್ದು ಕಳ್ಳತನವಲ್ಲ, ಕೊಲೆಯಲ್ಲ, ಆರಾಧನೆ. ನನಗೆ ಹೆದರಿಕೆಯಾಗುವುದು ಅದಕ್ಕೇ. ನನ್ನ ಅವಸರವೂ ಜಪಮಾಲೆ ಹಿಡಿದುಕೊಂಡೇ ಬಂದಿತ್ತು.

ಮಗಳು ಈಗ ನನ್ನ ಜೊತೆ ಇದ್ದಾಳೆ, ಕೆಲಸಕ್ಕೆ ಹೋಗುತ್ತಾಳೆ. ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬುಧವಾರ ಇಬ್ಬರೂ ಹೋಗುತ್ತೇವೆ. ಎಣಿಸುವುದು ಬಿಟ್ಟಿದ್ದೇನೆ. ಆ 21 ದಿನದ ಪ್ರಾರ್ಥನೆಗೆ ಹೋಗಬೇಡಿ ಅಂತ ಹೇಳಲು ನಾನು ಯಾರು? ಹೋಗುವ ಮುಂಚೆ, ನಿಮ್ಮ ಹತ್ತಿರದವರು ಯಾರಾದರೂ ‘ಸ್ವಲ್ಪ ನಿಲ್ಲು’ ಅಂದಿದ್ದಾರಾ ಅಂತ ನೆನಪು ಮಾಡಿಕೊಳ್ಳಿ.

*ಈ ತಾಯಿಗೂ ಮಗಳಿಗೂ ನಮ್ಮ ವಂದನೆಗಳು. ಮುಂದಿನ ಎರಡರಲ್ಲಿ ಮೊದಲನೆಯದು ಟ್ರೇನಿನ ಸಿಡುಕಿನ ಬಗ್ಗೆ ಮಾತ್ರ. ಎರಡನೆಯವರು ತಾಳ್ಮೆಯ ಮಾತನ್ನೇ ಪ್ರಶ್ನಿಸಿದ್ದಾರೆ.*

ವಸಾಯಿಯಿಂದ

ನಾನು ರೈಲ್ವೆಯಲ್ಲಿದ್ದು ನಿವೃತ್ತನಾದವನು. ಬೋರಿವಲಿಯಿಂದ ಹೊರಡುವ ಸ್ಲೋ ಲೋಕಲ್ ಹತ್ತಿ. ಫಾಸ್ಟ್ ಹಿಡಿಯಲು ಓಡಬೇಡಿ. ಸ್ವಲ್ಪ ಹೊತ್ತು ಜಾಸ್ತಿ ಆಗುತ್ತದೆ, ಅಷ್ಟೇ. ಪ್ರತಿ ಸ್ಟೇಷನ್ ಬಂದಾಗ ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥಿಸಿ. ನಿಮ್ಮ ವಿಷಯ ಬೇಡ, ಬೇರೆಯವರದ್ದು.

ಪುಣೆಯ ವಾಕಡ್‌ನಿಂದ

ಎಲ್ಲರೂ ತಾಳಿಕೊಳ್ಳಿ ಅಂತಲೇ ಬರೆಯುತ್ತಾರೆ ಅಂತ ಗೊತ್ತು. ನಾನು ಬೇರೆ ಹೇಳುತ್ತೇನೆ. ಬೈಬಲಿನ 13ನೇ ಕೀರ್ತನೆ ತೆಗೆಯಿರಿ. ಮೊದಲ ಎರಡು ವಚನದಲ್ಲೇ ದಾವೀದ 4 ಸಲ ‘ಇನ್ನೂ ಎಷ್ಟು ಕಾಲ’ ಅಂತ ಕೇಳುತ್ತಾನೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟಣೆ 6ರಲ್ಲಿ ಸಾಕ್ಷಿಗಾಗಿ ಸತ್ತವರೂ ಅದನ್ನೇ ಕೂಗುತ್ತಾರೆ. ದೇವರು ಅವರನ್ನು ಗದರಿಸಲಿಲ್ಲ. ನಮ್ಮಲ್ಲಿ ತಾಳ್ಮೆ ಅನ್ನುವ ಮಾತನ್ನು ಹೆಂಗಸರ ಬಾಯಿ ಮುಚ್ಚಿಸಲು ಬಳಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಂಡನ ಕೈಲಿ ಹೊಡೆತ ತಿನ್ನುತ್ತಿದ್ದ ನನ್ನ ಚಿಕ್ಕಮ್ಮನಿಗೆ 7 ವರ್ಷ ‘ತಾಳಿಕೋ ಮಗಳೇ’ ಅಂದರು. ಅದು ತಾಳ್ಮೆಯಲ್ಲ, ಅನ್ಯಾಯ. ಅಣ್ಣಾ, ದೇವರ ಮುಂದೆ ನಿಂತು ಕೂಗಿ. ಬೆನ್ನು ತಿರುಗಿಸಿ ಗೊಣಗಬೇಡಿ.

*ಚಿಕ್ಕಮ್ಮನ ವಿಷಯದಲ್ಲಿ ನಾವು ಈ ಓದುಗರ ಪಕ್ಷ. ಅವರ ಕೊನೆಯ ಎರಡು ಸಾಲುಗಳನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮುಂದಿನ ಪತ್ರವೂ ಅಲ್ಲಿಗೇ ಬರುತ್ತದೆ.*

ಪುಣೆಯ ಖಡ್ಕಿಯಿಂದ, ನಿವೃತ್ತ ಸಭಾಪಾಲಕರು

ಕರ್ತನ ನಾಮದಲ್ಲಿ ವಂದನೆಗಳು. ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಸಿಡುಕು ಸ್ವಭಾವ ಇರಬಹುದು. ಅಪಾಯ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ‘ದೇವರು ತಡ ಮಾಡಿದರು, ಇನ್ನು ನಾನೇ ನೋಡಿಕೊಳ್ಳುತ್ತೇನೆ’ ಅನ್ನುವ ಹೆಜ್ಜೆ ಅದು.

ಅಬ್ರಹಾಮ ದೇವರ ಮಾತು ನಂಬಿ ಹೊರಟಾಗ 75 ವರ್ಷ. ದೇವರು ಮಾತು ಕೊಟ್ಟ ಮಗ ಇಸಾಕ ಹುಟ್ಟಿದಾಗ 100. ನಡುವೆ ಅವನೂ ಹೆಂಡತಿ ಸಾರಳೂ ಬೇರೆ ದಾರಿ ಹುಡುಕಿದರು. 86ರಲ್ಲಿ ದಾಸಿ ಹಾಗರಳಿಂದ ಇಷ್ಮಾಯೇಲ ಹುಟ್ಟಿದ. ಆ ಅವಸರಕ್ಕೆ ಮರುಭೂಮಿಯಲ್ಲಿ ನೀರಿಲ್ಲದೆ ಅತ್ತದ್ದು ಯಾರು? ಹಾಗರಳು ಮತ್ತು ಹುಡುಗ. ನಮ್ಮ ಅವಸರದ ಸಾಲ ತೀರಿಸುವವರು ಹೆಚ್ಚಾಗಿ ನಮಗಿಂತ ಬಡಪಾಯಿಗಳು.

ಮೋಶೆ ಬೆಟ್ಟದ ಮೇಲೆ ಇದ್ದದ್ದು 40 ದಿನ. ಅಷ್ಟರಲ್ಲಿ ಕೆಳಗೆ ಜನರ ಪೂಜೆಗೆ ಚಿನ್ನದ ಕರು ತಯಾರು. ಮೋಶೆಯ ಅಣ್ಣ ಆರೋನ ಅದರ ಮುಂದೆ ‘ನಾಳೆ ಯೆಹೋವನಿಗೆ ಹಬ್ಬ’ ಅಂತಲೇ ಸಾರಿದ. ಬೇರೆ ದೇವರ ಹೆಸರು ಹೇಳಲಿಲ್ಲ. ದಿನ ಎಣಿಸಿ ಉತ್ತರ ಖಂಡಿತ ಅನ್ನುವ ಕಡೆ ಹೋಗುವಾಗ ಇದನ್ನು ನೆನಪಿಡಿ.

ಸುಮಾರು 1800 ವರ್ಷದ ಹಿಂದೆ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ತೆರ್ತುಲ್ಯನ್ ಎಂಬವರು ತಾಳ್ಮೆಯ ಬಗ್ಗೆ ಒಂದು ಪುಸ್ತಕ ಬರೆದರು. ಶುರುವಿನಲ್ಲೇ, ತನ್ನ ಹತ್ತಿರ ಆ ಗುಣ ಇಲ್ಲ, ಕಾಯಿಲೆಯವರು ಆರೋಗ್ಯದ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತೇನೆ ಅಂತ ಒಪ್ಪಿಕೊಂಡರು. ಅಷ್ಟು ತಿಳಿದವರೇ ಆಮೇಲೆ ಸಭೆಯ ಶಿಸ್ತು ಸಡಿಲ ಎಂದು ಬೇಸತ್ತು, ಇನ್ನೂ ಬಿರುಸಾದ ಮೊಂತಾನನ ಪಂಗಡದ ಕಡೆ ವಾಲಿದರು. ಸಭೆ ಬಿಟ್ಟು ಸಭೆಗೆ ಹೋಗುವ ಮಕ್ಕಳನ್ನು ನೋಡಿದಾಗ ನನಗೆ ಅವರ ನೆನಪಾಗುತ್ತದೆ. ಬಿಟ್ಟು ಬಂದ ಕನ್ನಡ ಸಭೆಯಲ್ಲಿ ನಿಮ್ಮ ಜಾಗ ಹಾಗೇ ಇರುತ್ತದೆ ಅಪ್ಪಾ.

ಗೋವಾದ ವಾಸ್ಕೋದಿಂದ

ನಾನು ಗದಗ ಜಿಲ್ಲೆಯವನು, ಇಲ್ಲಿ ಗೌಂಡಿ ಕೆಲಸ. ಪ್ರಾರ್ಥನೆಯ ಬಗ್ಗೆ ದೊಡ್ಡವರು ಹೇಳಲಿ, ಕಾಯುವುದರ ಬಗ್ಗೆ ನಾನು ಹೇಳಬಲ್ಲೆ. ಸ್ಲ್ಯಾಬ್ ಹಾಕಿದ ಮೇಲೆ ಕೆಳಗಿನ ಆಸರೆ ಸಣ್ಣದಕ್ಕೆ 7 ದಿನ, ಅಗಲ ಜಾಸ್ತಿ ಇದ್ದರೆ 14 ದಿನ ತೆಗೆಯಬಾರದು. ಮಾಲೀಕರು ಮರುದಿನವೇ ಮೇಲೆ ನಿಂತು, ಗಟ್ಟಿಯಾಗಿದೆಯಲ್ರೀ ಅನ್ನುತ್ತಾರೆ. ಮೇಲೆ ಗಟ್ಟಿ. ಬಲ ಇನ್ನೂ ಬಂದಿರುವುದಿಲ್ಲ. ನಾವು ಸುಮ್ನೆ ಕೂರುವುದೂ ಇಲ್ಲ. ಬೆಳಗ್ಗೆ ಸಂಜೆ ನೀರು ಹಿಡಿಯುತ್ತೇವೆ, ಗೋಣಿಚೀಲ ಒಣಗದಂತೆ ನೋಡುತ್ತೇವೆ. ಕಾಯುವುದು ಅಂದರೆ ನನಗೆ ಅದು.

ಪ್ರತಿ ಡಿಸೆಂಬರ್ 3ಕ್ಕೆ ಹಳೇ ಗೋವಾಕ್ಕೆ ಹೋಗುತ್ತೇನೆ. ಬೋಮ್ ಜೀಸಸ್ ಬಾಸಿಲಿಕಾದ ಹೊರಗೋಡೆಗೆ ಗಾರೆ ಇಲ್ಲ, ಬರೀ ಕೆಂಪು ಕಲ್ಲು. ನಾನು ಮೊದಲು ನೋಡುವುದೇ ಅದನ್ನು. ಒಳಗೆ ದೇಹ ಇಟ್ಟಿರುವ ಸಂತ ಫ್ರಾನ್ಸಿಸ್ ಜೇವಿಯರ್ 1552ರಲ್ಲಿ ಅದೇ ದಿನ ಚೀನಾದ ಹೊರಗಿನ ಒಂದು ದ್ವೀಪದಲ್ಲಿ ತೀರಿಕೊಂಡರು. ಒಳನಾಡಿಗೆ ಕರೆದೊಯ್ಯುವ ದೋಣಿಗೆ ಕಾಯುತ್ತಿದ್ದರು. 46 ವರ್ಷ. ದೋಣಿ ಬರಲಿಲ್ಲ. ಕೇಳಿದ್ದು ಸಿಗದೆ ಹೋದವರನ್ನೇ ನಾವೆಲ್ಲ ಸಾಲು ನಿಂತು ನೋಡುತ್ತೇವೆ. ಇದು ನಿಮಗೆ ಸಮಾಧಾನವೋ ಅಲ್ಲವೋ, ನನಗಂತೂ ಹೌದು.

*ಬಂದ ಪತ್ರಗಳು ಹೆಚ್ಚಾಗಿ ಆ 4 ವರ್ಷದ ಪ್ರಾರ್ಥನೆಯ ಸುತ್ತಲೇ ಇದ್ದವು. ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಅಮ್ಮನ ಬಗ್ಗೆ ಬರೆದವರು ಇವರೊಬ್ಬರೇ. ಆದ್ದರಿಂದ ಇದನ್ನು ಕೊನೆಗೆ ಇಟ್ಟಿದ್ದೇವೆ.*

ಡೊಂಬಿವಲಿಯಿಂದ

ಅಮ್ಮ ಕೇಳಿದ್ದನ್ನೇ ಕೇಳುತ್ತಾರೆ ಅಂದಿರಿ. ನಮ್ಮ ಅತ್ತೆಯದ್ದೂ ಹಾಗೇ ಶುರುವಾಯಿತು. ಬೇಕಂತಲೇ ಕೇಳುತ್ತಾರೆ ಅಂತ ಒಂದು ವರ್ಷ ರೇಗಿದೆವು. ಆಮೇಲೆ ಡಾಕ್ಟರು ಮರೆವಿನ ಕಾಯಿಲೆ ಅಂದರು. ನಿಮ್ಮ ಅಮ್ಮನಿಗೆ ಅದೇ ಅಂತ ನಾನು ಹೇಳುತ್ತಿಲ್ಲ. ಆದರೆ ಒಮ್ಮೆ ತೋರಿಸಿ.

ನಮ್ಮ ಯಜಮಾನರು ರಾತ್ರಿ ಲೋಕಲ್‌ನಲ್ಲಿ ನಿಂತುಕೊಂಡು ಬಂದಿರುತ್ತಾರೆ. ಬಂದ ಕೂಡಲೇ “ಊಟ ಆಯ್ತಾ ಮಗಾ?” ಅಂತ ಅತ್ತೆ. ತಟ್ಟೆ ಎತ್ತುವಷ್ಟರಲ್ಲಿ 10 ಸಲ. ನಮಗೆ ಅದು ಹತ್ತನೇ ಸಲ, ಅವರಿಗೆ ಪ್ರತಿ ಸಲವೂ ಮೊದಲನೇದು. ಗೋಡೆಗೆ ಒಂದು ಸ್ಲೇಟು ನೇತುಹಾಕಿ ‘ಮಗ ಬಂದ. ಊಟ ಆಯ್ತು’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿಟ್ಟೆ. ಓದುತ್ತಾರೆ, ಓದಿ ಮತ್ತೆ ಕೇಳುತ್ತಾರೆ. ಈಗ ಯಜಮಾನರು ಕೈ ತೊಳೆದು ಬಂದು ಅವರ ಪಕ್ಕ ಕೂತೇ ಉತ್ತರ ಕೊಡುತ್ತಾರೆ. ಕೂತರೆ ರೇಗುವುದು ಕಡಿಮೆ.

ಮಲಗುವ ಮೊದಲು 23ನೇ ಕೀರ್ತನೆ ಶುರು ಮಾಡಿದರೆ ಅತ್ತೆ ಒಂದು ಪದವೂ ತಪ್ಪುವುದಿಲ್ಲ. ನಮ್ಮ ಹೆಸರು ಮರೆತರೂ ಅದು ಮರೆತಿಲ್ಲ. ತುಂಬಾ ನಿಧಾನ ಹೇಳುತ್ತಾರೆ. ಅವರ ಜೊತೆ ಹೇಳಬೇಕಾದರೆ ನಾವೂ ನಿಧಾನ ಮಾಡಲೇಬೇಕು. ಬೈಬಲ್ ಹಿಡಿದು 5 ನಿಮಿಷ ಕೂರಲು ಆಗುವುದಿಲ್ಲ ಅಂದಿರಲ್ಲ, ಅಮ್ಮನ ಜೊತೆ ಕೂತು ನೋಡಿ. ನಮ್ಮ ಅತ್ತೆಗೆ ಆ ಕೀರ್ತನೆ ಮುಗಿಸಲು 4 ನಿಮಿಷ ಬೇಕು.