ಮಾದರಿ ಗದ್ಯ ಓದಿಸಿ ಬರೆಸಿದರೆ ಮಕ್ಕಳು ಅದನ್ನೇ ಇಳಿಸುತ್ತಾರೆ, ಏನು ಮಾಡುವುದು?

ಕನ್ನಡ ಪಿರಿಯಡ್:
ಒಂಬತ್ತನೇ ತರಗತಿ, 42 ಮಕ್ಕಳು, 40 ನಿಮಿಷ. ಆತ್ಮಕಥೆಯ ಒಂದು ಭಾಗ ಓದಿಸಿ "ನಿಮ್ಮ ಮನೆಯವರ ಬಗ್ಗೆ ಬರೆಯಿರಿ" ಅಂದರೆ ಅರ್ಧ ಜನ ಹೆಸರು ಬದಲಿಸಿ ಅದೇ ವಾಕ್ಯಗಳನ್ನು ಇಳಿಸುತ್ತಾರೆ. ಉಳಿದವರದು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರದ ಪರೀಕ್ಷೆ ಪ್ರಬಂಧ. ಮಾದರಿ ಕೊಡುವುದೇ ತಪ್ಪೋ, ಕೊಡುವ ಕ್ರಮ ತಪ್ಪೋ?

ಹಳೇಬೋರ್ಡು:
ಕ್ರಮದ್ದೇ ತೊಂದರೆ ಸರ್. ವಿಷಯವನ್ನೂ ಬರೆಯುವ ಬಗೆಯನ್ನೂ ಒಟ್ಟಿಗೇ ಕೊಟ್ಟರೆ ನಕಲು ಬಂದೇ ಬರುತ್ತದೆ. ಬಗೆಯನ್ನಷ್ಟೇ ಕೊಡಿ, ಅದೂ ಒಂದೇ ಒಂದು.

ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯ ಆರಂಭದ ದೃಶ್ಯ ತೆಗೆದುಕೊಳ್ಳಿ. ಇಬ್ಬರು ಎತ್ತುಗಳಂತೆ ನೊಗ ಹೊತ್ತಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ಆ ಇಬ್ಬರಲ್ಲಿ ಒಬ್ಬರು ಲೇಖಕರ ಅಪ್ಪ ಎಂಬುದು ನೋಟದ ನಂತರ ತಿಳಿಯುತ್ತದೆ. ಕಲಿಸಬೇಕಾದ್ದು ಇಷ್ಟೇ: ಮೊದಲು ಕಣ್ಣಿಗೆ ಕಂಡದ್ದು, ಆಮೇಲೆ ಸಂಬಂಧ. "ನನ್ನ ಅಪ್ಪ" ಎಂದೇ ಶುರುವಾಗಿದ್ದರೆ ಓದುವವರು ಮೊದಲೇ ಮರುಕಕ್ಕೆ ಸಿದ್ಧರಾಗಿ, ಆ ಹೊಲವನ್ನು ಸರಿಯಾಗಿ ನೋಡುತ್ತಲೇ ಇರಲಿಲ್ಲ.

ಎಂಟು ಹತ್ತು ಸಾಲು ಸಾಕು. ಮೊದಲ ಸಲ ನೀವೇ ಗಟ್ಟಿಯಾಗಿ ಓದಿ, ಪ್ರಶ್ನೆ ಬೇಡ. ಎರಡನೇ ಸಲ ಮಕ್ಕಳು ಪೆನ್ಸಿಲ್ ಹಿಡಿದು ಓದಲಿ: ಕಂಡದ್ದರ ಕೆಳಗೆ ಗೆರೆ, ಸಂಬಂಧ ತಿಳಿಯುವ ಜಾಗಕ್ಕೆ ಸುತ್ತು. ಇದಕ್ಕೆ 12 ನಿಮಿಷ. ನಂತರ ಹಾಳೆ ವಾಪಸ್ ತೆಗೆದುಕೊಳ್ಳಿ. 5 ನಿಮಿಷ ಪಟ್ಟಿ: ತಮಗೆ ಗೊತ್ತಿರುವ ಒಬ್ಬರ ಕೈ ಮಾಡುವ ಐದು ಕೆಲಸ. "ಅಡುಗೆ ಮಾಡುತ್ತಾರೆ" ಎಂದರೆ ಸಾಲದು. "ರೊಟ್ಟಿ ಬಡಿಯುವ ಮುಂಚೆ ಬಳೆ ಮೇಲಕ್ಕೆ ಸರಿಸುತ್ತಾರೆ" ಅನ್ನುವಷ್ಟು ಹತ್ತಿರ ಹೋಗಬೇಕು. ಅವುಗಳಲ್ಲಿ ಒಂದನ್ನು ಆರಿಸಿ 15 ನಿಮಿಷ ಬರೆಯಲಿ. ಅವರು ಯಾರೆಂದು ಆರನೇ ವಾಕ್ಯದವರೆಗೂ ಹೇಳುವಂತಿಲ್ಲ. ಈ ಒಂದು ಷರತ್ತಿಗೇ "ಅಜ್ಜಿ ಎಂದರೆ ನನಗೆ ಪ್ರಾಣ" ಎಂಬ ಪೀಠಿಕೆ ಬಿದ್ದುಹೋಗುತ್ತದೆ. ಕೊನೆಯ 8 ನಿಮಿಷ ಪಕ್ಕದವರಿಗೆ ಓದಿ ಹೇಳುವುದು.

ಗಡಿನಾಡ ಟೀಚರ್:
ಹಾಳೆಯನ್ನು ಎಲ್ಲರಿಂದಲೂ ವಾಪಸ್ ಪಡೆಯುವುದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವ ಎಷ್ಟೋ ಮಕ್ಕಳಿಗೆ ಹೇಳುವುದು ಬೇಕಾದಷ್ಟಿರುತ್ತದೆ, ಕನ್ನಡದ ವಾಕ್ಯ ಮಾತ್ರ ಕೈಗೆ ಸಿಗುವುದಿಲ್ಲ. ಅಂಥವರಿಗೆ ಬೋರ್ಡಿನ ಮೇಲೆ ಚೌಕಟ್ಟು ಇರಲಿ: "____ ಹತ್ತಿರ ಒಬ್ಬರು ಕೂತಿದ್ದರು. ಅವರ ಕೈಯಲ್ಲಿ ____ ಇತ್ತು." ಎರಡೇ ವಾಕ್ಯ. ಮೂರನೆಯದನ್ನೂ ಕೊಟ್ಟರೆ ಇಡೀ ತರಗತಿ ಒಂದೇ ಬರಹ ಬರೆಯುತ್ತದೆ.

ಸಂಭಾಷಣೆ ಮನೆಮಾತಿನಲ್ಲೇ ಇರಲಿ, ದಯವಿಟ್ಟು ತಿದ್ದಬೇಡಿ. ಧಾರವಾಡದ ಕಡೆಯ ಅಜ್ಜಿ "ಬಾ ತಮ್ಮಾ, ಒಂದ್ ತುತ್ತು ಉಣ್ಣು ಬಾ" ಅಂದದ್ದನ್ನು "ಬಾ ಮಗು, ಊಟ ಮಾಡು" ಎಂದು ಮಾಡಿದರೆ ಆ ಅಜ್ಜಿಯ ದನಿಯೇ ಹೋಯಿತು.

ಇನ್ನೊಂದು. ಮೇಲಿನ ಭಾಗ ಅದ್ಭುತವಾದದ್ದು, ಆದರೆ ಅದು ಜಾತಿಯ ಗಾಯವೂ ಹೌದು. "ಇಂಥ ಕೆಲಸ ಯಾರ ಮನೆಯಲ್ಲಿ ಮಾಡುತ್ತಾರೆ?" ಎಂದು ಕೇಳುವುದಿರಲಿ, ಓದುವಾಗ ಯಾವ ಮಗುವಿನ ಕಡೆಗೂ ನಿಮ್ಮ ಕಣ್ಣು ಹೋಗಬಾರದು.

ಕನ್ನಡ ಪಿರಿಯಡ್:
ಇಬ್ಬರಿಗೂ ಧನ್ಯವಾದ. ಇದಕ್ಕೆ ಅಂಕ ಕೊಡಬೇಕೇ? ಮನೆಯ ಗುಟ್ಟು ಬರೆದುಬಿಟ್ಟರೆ?

ಮೂಲೆಬೆಂಚು:
ಅಂಕ ಬೇಡ. ಅಂಕ ಬಂತೆಂದರೆ ಉಪಸಂಹಾರವೂ ವಾಪಸ್ ಬರುತ್ತದೆ. ಪ್ರತ್ಯೇಕ ನೋಟ್‌ಬುಕ್ ಇಡಿ, ಕಾಗುಣಿತ ಮೊದಲ ಕರಡಿನಲ್ಲಿ ಮುಟ್ಟಬೇಡಿ. ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯಿರಿ: "ಆಗ ಅವರ ಕೈ ಏನು ಮಾಡುತ್ತಿತ್ತು?" ಎರಡನೇ ಕರಡು ಆ ಪ್ರಶ್ನೆಗೆ ಉತ್ತರವಾಗಿ ಬರಲಿ.

ಗುಟ್ಟಿನ ವಿಚಾರದಲ್ಲಿ ಎಚ್ಚರ. ಮಡಚಿದ ಪುಟವನ್ನು ತರಗತಿಯಲ್ಲಿ ಓದಿಸುವುದಿಲ್ಲ ಎಂಬ ನಿಯಮ ಮಾಡಿ. ಆದರೆ "ಯಾರಿಗೂ ಹೇಳುವುದಿಲ್ಲ" ಎಂದು ಮಾತ್ರ ಭಾಷೆ ಕೊಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಅದೇ ಅಪರಾಧ. ಬೇರೆ ಬಗೆಯ ಹಿಂಸೆಯಾದರೆ ಮಕ್ಕಳ ಸಹಾಯವಾಣಿ 1098. ಇದನ್ನು ಬರೆಸುವ ಮೊದಲೇ ಮಕ್ಕಳಿಗೆ ಹೇಳಿಬಿಡಿ; ಬರೆದಾದ ಮೇಲೆ ಹೇಳಿದರೆ ಮೋಸ ಹೋದೆವೆಂದುಕೊಳ್ಳುತ್ತಾರೆ.