ಹಳೆ ರೆಕಾರ್ಡಿನ ಪಿಯಾನೊ ದನಿ, ಮನಿ ಸ್ಟುಡಿಯೊದಾಗ: ಪ್ರಶ್ನೋತ್ತರ

ಅಡ್ಮಿನ್ (ಕಲಬುರಗಿ): ಇವತ್ತಿನ ವಿಷಯ 1950–60ರ ರೆಕಾರ್ಡುಗಳ ಪಿಯಾನೊ ದನಿ. ಉತ್ತರ ಕೊಡೋರು ಪಿಯಾನೊ ಶ್ರುತಿ, ರೆಕಾರ್ಡಿಂಗ್ ಎರಡೂ ಬಲ್ಲ ಇಂಜಿನಿಯರ್ ಸರ್.

ಸೇಡಂ ಸದಸ್ಯ: ನಮಸ್ಕಾರ ಸರ್. ಮಿಡಿ (ಕಂಪ್ಯೂಟರಿಗಿ ಜೋಡಿಸೋ) ಕೀಬೋರ್ಡ್ ಅದ, ಸ್ಯಾಂಪಲ್ ಪಿಯಾನೊ (ನಿಜ ಪಿಯಾನೊದ ರೆಕಾರ್ಡ್ ಮಾಡಿದ ಸ್ವರಗಳು) ಅದ. ಹಳೆ ದನಿಗಿ ಯಾವ ಪ್ಲಗಿನ್ (ದನಿ ತಿದ್ದೋ ಸಾಫ್ಟ್‌ವೇರ್) ಹಾಕ್ಲಿ?

ಇಂಜಿನಿಯರ್: ನಮಸ್ಕಾರ ರೀ. ಪ್ಲಗಿನ್ ಕಡೀಗಿ. ಮೊದಲು ಮೊನೊ ಮಾಡ್ರಿ. ಎಡ-ಬಲ ಕೂಡಿಸಬ್ಯಾಡ್ರಿ, ಫೇಸ್ (ದನಿ ಅಲೆಗಳ ಏರಿಳಿತ) ಕೂಡದೆ ದನಿ ಟೊಳ್ಳಾಗ್ತದ. ಒಂದೇ ಚಾನೆಲ್ ಇಟ್ಕೊಳ್ರಿ. ಸ್ಯಾಂಪಲ್ಲಿನ ರಿವರ್ಬ್ (ರೂಮಿನ ಮಾರ್ದನಿ) ಬಂದ್ ಮಾಡ್ರಿ. 80 ಹರ್ಟ್ಜ್ ಕೆಳಗ ಕಡೀರಿ, 10 ಕಿಲೊಹರ್ಟ್ಜ್ ಮ್ಯಾಲ ಮೆಲ್ಲಗ ಇಳಿಸ್ರಿ. ಕಂಪ್ರೆಸರ್ (ಜೋರು ದನಿ ತಗ್ಗಿಸೋದು) 4:1, ಅಟ್ಯಾಕ್ (ತಗ್ಗಿಸಾಕ ಹಿಡಿಯೋ ಹೊತ್ತು) 30 ಮಿಲಿಸೆಕೆಂಡ್, 4–5 ಡಿಬಿ ಇಳಿದ್ರ ಸಾಕು. ಆಮ್ಯಾಲ ಟೇಪ್ ಪ್ಲಗಿನ್, ಯಾವುದಾದ್ರೂ ಸರಿ, ಸೆಕೆಂಡಿಗಿ 15 ಇಂಚಿನ ವೇಗ. ವಾವ್ (ಟೇಪಿನ ವೇಗದ ಏರಿಳಿತ) ಹೆಚ್ಚಾದ್ರ ಉದ್ದ ಕಾರ್ಡ್ ತೇಲಾಡ್ತದ.

ಸುರಪುರ ಸದಸ್ಯ: ಸರ್, ನಮ್ಮ ಕಡಿ ಸ್ಪೂಲ್ ಟೇಪ್ ಮಷಿನ್ ಅದ. ಟೇಪ್ ಅಂಟಂಟು ಆಗ್ಯಾದ, ಹೆಡ್ ಮ್ಯಾಲ ಕಂದು ಪುಡಿ ಕೂಡ್ತದ. ಏನ್ ಮಾಡ್ಬೇಕ್ರಿ?

ಹುಮನಾಬಾದ್ ಸದಸ್ಯೆ: ಸರ್, ಹಳೆ ಅಪ್‌ರೈಟ್ ಪಿಯಾನೊ ಅದ. ಎ ಸ್ವರ 440 ಹರ್ಟ್ಜ್ ಇರ್ಬೇಕಾದ್ದು 430ಕ್ಕ ಇಳಿದದ, ಶ್ರುತಿ ನಿಲ್ಲವಲ್ದು. ವಾಟ್ಸಾಪಿನಾಗ ಬಂದಂಗ ಶ್ರುತಿ ಪಿನ್ನುಗಳಿಗಿ (ತಂತಿ ಸುತ್ತಿದ ಗೂಟ) ಕೊಬ್ಬರಿ ಎಣ್ಣಿ ಬಿಟ್ಟೀವಿ. ಹ್ಯಾಮರಿಗಿ (ತಂತಿ ಬಡಿಯೋ ಫೆಲ್ಟಿನ ಸುತ್ತಿಗಿ) ಡ್ರಾಯಿಂಗ್ ಪಿನ್ ಚುಚ್ಚಿದ್ರ ಹಳೆ ದನಿ ಬರ್ತದಂತ. ಚುಚ್ಚಬಹುದೇನ್ರಿ?

ಇಂಜಿನಿಯರ್: ಚುಚ್ಚಬ್ಯಾಡ್ರಿ ಅಕ್ಕಾರ. ಎಣ್ಣಿ ಇನ್ನೊಂದು ಹನಿನೂ ಬ್ಯಾಡ.

ಶ್ರುತಿ ಪಿನ್ ನಿಲ್ಲೋದು ಕಟ್ಟಿಗಿಯ ಹಿಡಿತದಿಂದ. ಎಣ್ಣಿ ಪಿನ್ ಹಲಗಿಯೊಳಗ ಇಳಿದ್ರ ಹಿಡಿತ ಹೋಗ್ತದ, ತಂತಿ ಎಳೆತಕ್ಕ ಪಿನ್ ತಾನೇ ತಿರುಗ್ತದ. ಸಡಿಲ ಪಿನ್ನಿಗಿ ತೆಳು ಸೂಪರ್ ಗ್ಲೂ ಇಳಿಸೋ ಪದ್ಧತಿ ಅದ, ಆದ್ರ ಎಣ್ಣಿ ಕುಡಿದ ಕಟ್ಟಿಗಿಯೊಳಗ ಅದೂ ಹಿಡಿಯಂಗಿಲ್ಲ. ಆಮ್ಯಾಲ ದಪ್ಪ ಪಿನ್; ಅದೂ ನಿಲ್ಲದಿದ್ರ ಹಲಗಿನೇ ಬದಲಿ, ಅಂದ್ರ ಎಲ್ಲಾ ತಂತಿ ಬಿಚ್ಚೋ ಕೆಲಸ. ಇವತ್ತೇ ಹಳೆ ಹತ್ತಿ ಬಟ್ಟಿ ಪಿನ್ ಬುಡಕ್ಕ ಒತ್ತಿ ಎಣ್ಣಿ ಹೀರಿಸ್ರಿ. ಸೀಮಿಎಣ್ಣಿ, ಸ್ಪಿರಿಟ್ ಸುರೀಬ್ಯಾಡ್ರಿ, ಎಣ್ಣಿ ತೆಳುವಾಗಿ ಇನ್ನೂ ಒಳಗ ಹೋಗ್ತದ.

440ಕ್ಕ ಎಳೀಬ್ಯಾಡ್ರಿ. ಎಲ್ಲಾ ತಂತಿ ಕೂಡಿ 15–20 ಟನ್ ಎಳೆತ ಇರ್ತದ. 430ರಾಗೇ ಸ್ವರಸ್ವರ ಕೂಡೋ ಹಂಗ ಶ್ರುತಿ ಮಾಡಿಸಿ ರೆಕಾರ್ಡ್ ಮಾಡ್ರಿ. 440ಕ್ಕ ಉಳಿಯೋ ಅಂತರ 40 ಸೆಂಟ್ (ಸೆಂಟ್ ಅಂದ್ರ ಅರ್ಧ ಸ್ವರದ ನೂರರಾಗ ಒಂದು ಪಾಲು). ಟೈಮ್ ಸ್ಟ್ರೆಚ್ (ವೇಗ, ಪಿಚ್ ಬ್ಯಾರೆ ಬ್ಯಾರೆ ಬದಲಿಸೋದು) ಹಚ್ಚದೆ, ಟೇಪಿನ ವೇಗ ಏರಿಸಿದಂಗ ಪಿಚ್, ವೇಗ ಎರಡೂ ಕೂಡಿ 2.3% ಏರಿಸ್ರಿ. ಹಾಡು 90 ಬಿಪಿಎಂ (ನಿಮಿಷಕ್ಕ ತಾಳದ ಏಟು) ಇದ್ರ ನುಡಿಸೋವಾಗ ಕ್ಲಿಕ್ (ತಾಳದ ಟಕ್‌ಟಕ್ ದನಿ) 88. ಹ್ಯಾಮರ್ ಏಟು ಚೂರು ಚುರುಕಾಗ್ತದ, ಅದು ಹಳೆ ದನಿಗಿ ಒಳ್ಳೇದೇ.

ಡ್ರಾಯಿಂಗ್ ಪಿನ್ ಫೆಲ್ಟ್ ಹರೀತದ, ಸಡಿಲಾಗಿ ಆಕ್ಷನ್ನಿನೊಳಗ (ಹ್ಯಾಮರ್ ಎತ್ತೋ ಯಂತ್ರ) ಬೀಳ್ತದ. ಲಂಡನ್ನಿನ ಆಬಿ ರೋಡ್ ಸ್ಟುಡಿಯೊದ 1905ರ ಸ್ಟೈನ್‌ವೇ ವರ್ಟಿಗ್ರ್ಯಾಂಡ್ ಅನ್ನೋ ಅಪ್‌ರೈಟ್ ಪಿಯಾನೊದ ಗಡಸು ದನಿ ಹ್ಯಾಮರಿಗಿ ಲ್ಯಾಕರ್ ಹಚ್ಚಿ ಗಟ್ಟಿ ಮಾಡಿದ್ರಿಂದ ಬಂದದ್ದು. ನಿಮಗ ಅದೂ ಬ್ಯಾಡ, ಬಡಿದು ಬಡಿದು ಹಳೆ ಹ್ಯಾಮರ್ ಗಟ್ಟಿ ಆಗೇ ಇರ್ತದ. ಪಿಯಾನೊ ಗ್ವಾಡಿಯಿಂದ ಒಂದೂವರಿ ಫೂಟ್ ಎಳೀರಿ, ಮ್ಯಾಲಿನ ಮುಚ್ಚಳ ತೆಗೀರಿ, ಒಂದೇ ಮೈಕ್ ಒಂದು ಫೂಟ್ ಮ್ಯಾಲ ಇಡ್ರಿ. ರಿಬ್ಬನ್ ಮೈಕಾದ್ರ 48 ವೋಲ್ಟ್ ಫ್ಯಾಂಟಮ್ (ಕೇಬಲ್ಲಿನಿಂದ ಮೈಕಿಗಿ ಹೋಗೋ ಕರೆಂಟ್) ಬಂದ್ ಇರ್ಲಿ. ರೆಕಾರ್ಡಿಂಗ್ ಮೀಟರಿನ್ಯಾಗ ಪೀಕ್ -12 ಡಿಬಿ ದಾಟಬಾರದು.

ಆಳಂದ ಸದಸ್ಯ: ನಮ್ಮ ರೂಮಿನಾಗ ಶಹಾಬಾದ್ ಫರಸಿ, ದನಿ ಗಣಗಣ ಅಂತದ. ಮೊಟ್ಟಿ ಟ್ರೇ ಅಂಟಿಸ್ಲಾ?

ಇಂಜಿನಿಯರ್: ಬ್ಯಾಡ. ದನಿ ಹೀರೋದು ಕಡಿಮಿ, ಬೆಂಕಿ ಬೇಗ ಹತ್ತತದ. ಪಿಯಾನೊ ಕೆಳಗ ಜಮಖಾನಾ ಹಾಸ್ರಿ. ಎದುರಿನ ಗ್ವಾಡಿಯಿಂದ ನಾಕು ಇಂಚು ಬಿಟ್ಟು ದಪ್ಪ ಕೌದಿ ತೂಗಹಾಕ್ರಿ.

ಭಾಲ್ಕಿ ಸದಸ್ಯ: ಕೌದಿ ಯಾಕ್ರಿ? ಅರ್ಧ ಹಳೆ ದನಿ ರೂಮಿಂದೇ. ಫರಸಿ ಇರ್ಲಿ.

ಆಳಂದ ಸದಸ್ಯ: ದೊಡ್ಡ ಹಾಲ್ ಬ್ಯಾರೆ, ನನ್ನ 10×10 ರೂಮ್ ಬ್ಯಾರೆ ಅಣ್ಣ. ಇಲ್ಲಿ ಬರೇ ಗದ್ದಲ ಬರ್ತದ.

ಭಾಲ್ಕಿ ಸದಸ್ಯ: ಮೈಕ್ ಇಡಾಕ ಬರ್ದಿದ್ರ ರೂಮ್ ಏನ್ ಮಾಡ್ತದ?

ಶಹಾಪುರ ಸದಸ್ಯ: ಎಲ್ಲರೂ ಓದ್ರಿ: 440 ಮೆದುಳಿಗಿ ಕೆಟ್ಟ, 432 ಇಟ್ರ ರೋಗ ವಾಸಿ. ಹಳೆ ರೆಕಾರ್ಡಿನ ಗುಟ್ಟೇ ಇದು. ಫಾರ್ವರ್ಡ್ ಮಾಡ್ರಿ.

ಇಂಜಿನಿಯರ್: ಸುಳ್ಳು. 440 ಅನ್ನೋದು 1939ರ ಲಂಡನ್ ಸಮ್ಮೇಳನದಾಗ ಒಪ್ಪಿದ ಅಳತಿ, ರೋಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಂಥದ್ದೇ ಫಾರ್ವರ್ಡ್ ನೋಡಿ ಒಬ್ಬರು ಪಿಯಾನೊಕ್ಕ ಎಣ್ಣಿ ಬಿಟ್ಟಾರ. ಇಲ್ಲಿ ಹಾಕಬ್ಯಾಡ್ರಿ.

ಶಹಾಪುರ ಸದಸ್ಯ: ಗೊತ್ತಿದ್ದೋರು ಕಳಿಸ್ಯಾರ. ನೀವೊಬ್ಬರೇ ಶಾಣ್ಯಾ ಏನ್ರಿ?

ಭಾಲ್ಕಿ ಸದಸ್ಯ: ಎರಡೂ ಶ್ರುತಿ ನಡುವ 32 ಸೆಂಟ್ ಅಂತರ. ಕಣ್ಣು ಮುಚ್ಚಿ ಕೇಳಿ ಯಾವುದು ಯಾವುದಂತ ಹೇಳ್ರಿ ನೋಡೋಣ.

ಚಿತ್ತಾಪುರ ಸದಸ್ಯ: ಸರ್, ಯಾವ ಪ್ಲಗಿನ್ ಛಲೋ?

ಇಂಜಿನಿಯರ್: ಮ್ಯಾಲ ಓದ್ರಿ.

ಬೀದರ್ ಸದಸ್ಯ: ಫ್ರೀ ಪ್ಲಗಿನ್ ಯಾವುದು ಸರ್?

ಇಂಜಿನಿಯರ್: ಮ್ಯಾಲ ಓದ್ರಿ ಅಂದೆ.

ಸುರಪುರ ಸದಸ್ಯ: ನನ್ನ ಟೇಪಿನ ಪ್ರಶ್ನೆ ಯಾರೂ ನೋಡೇ ಇಲ್ಲ.

ಹುಮನಾಬಾದ್ ಸದಸ್ಯೆ: ಸರ್, ಎಣ್ಣಿ ಹೀರಿಸೀವಿ. ಬಾಸ್ ಕಡಿ ಆರು ಪಿನ್, ಶ್ರುತಿ ಕೀಲಿ (ಪಿನ್ ತಿರುಗಿಸೋ ಹತಾರ) ಹಾಕಿದ್ರ ಜೋರೇ ಬೇಕಿಲ್ಲ, ತಿರುಗ್ತಾವ.

ಇಂಜಿನಿಯರ್: ಕೀಲಿ ಕೆಳಗಿಡ್ರಿ ಅಕ್ಕಾರ, ಇನ್ನ ತಿರುವಬ್ಯಾಡ್ರಿ. ಆ ಆರು ಸ್ವರ ಬಿಟ್ಟು ಎಡಗೈ ಒಂದು ಆಕ್ಟೇವ್ ಮ್ಯಾಲ ನುಡಿಸಿ ರೆಕಾರ್ಡ್ ಮುಗಿಸ್ರಿ. ಹಳೆ ದನ್ಯಾಗ ಬಾಸ್ ಕಡಿಮಿ ಇದ್ರೂ ನಡೀತದ. ಕೂಲರ್ ಗಾಳಿ ಪಿಯಾನೊಕ್ಕ ಹೊಡೀಬಾರದು. ಹೈಗ್ರೊಮೀಟರ್ ಇಟ್ಟು ತೇವ 40–50% ನಡುವ ಇರೋ ಹಂಗ ನೋಡ್ರಿ. ಪಿನ್ ಬುಡದ ಫೋಟೊ ಹತ್ತಿರದಿಂದ ತೆಗೆದು ನನಗೊಬ್ಬನಿಗೇ ಕಳಿಸ್ರಿ, ಗುಂಪಿನ್ಯಾಗ ಬ್ಯಾಡ.